ಕಿಂಡಿಗೋಡೆಗೆ ಸೀರೆ ಕಟ್ಟಿದ ಜೋಬೇದಾ

ಜೋಬೇದಾ ಖಾತುನ್‌ಳನ್ನು ಊರಿನವರೆಲ್ಲ ಕರೆಯುವುದು ಬುಬು ಎಂದು, ಅಂದರೆ ಅಕ್ಕ. ಕುಡಿಗ್ರಾಮ ಜಿಲ್ಲೆಯ ಈ ಹೊಳೆದಂಡೆಯ ಹಳ್ಳಿಯಲ್ಲಿ ಹೆಂಗಸರನ್ನು ಕೂಡಿಸಿ ಕೌದಿ ಹೊಲಿಸುವವಳು ಅವಳೇ. ವರ್ಷಗಟ್ಟಲೆ ಅವಳ ಮನೆಯ ಜಗಲಿಯಲ್ಲೇ ಹೊಲಿದರು. ಮಳೆ ಬಂದರೆ ಕೌದಿ ಸುತ್ತಿಕೊಂಡು ಕೊಟ್ಟಿಗೆಗೆ ಓಡುತ್ತಿದ್ದರು. ಕೊನೆಗೆ ಢಾಕಾದ ಸಂಸ್ಥೆಯೊಂದು ಅವರಿಗೆಂದೇ ಕಟ್ಟಡ ಕಟ್ಟಿಸಿಕೊಟ್ಟಿತು. ಬಿದಿರಿನ ಮಾಡು, ನಡುವೆ ಅಂಗಳ. ರಸ್ತೆ ಕಡೆಯ ಗೋಡೆಯಲ್ಲಿ ಬುಡದಿಂದ ತುದಿಯವರೆಗೆ ಒಂದು ಬಿಟ್ಟು ಒಂದು ಇಟ್ಟಿಗೆಯ ಜಾಗ ಖಾಲಿ. ಗಾಳಿ, ಬೆಳಕು ಧಾರಾಳ.

ರಸ್ತೆಯಾಚೆ, ಗೋಡೆಗೆ ಎದುರಾಗಿ ಬೆಂಚು ಹಾಕಿದ ಚಹದಂಗಡಿ. ಅದು ಜೋಬೇದಾಳ ಗಂಡನದೇ.

ಕೆಲವೇ ದಿನಗಳಲ್ಲಿ ಮೊಲ್ಲಾ ಮನೆಯ ಸೊಸೆ ಶಿರಿನಾ ಬರುವುದನ್ನು ನಿಲ್ಲಿಸಿದಳು. ವಿಚಾರಿಸಲು ಹೋದ ಜೋಬೇದಾಳನ್ನು ಅತ್ತೆ ಬಾಗಿಲಲ್ಲೇ ತಡೆದಳು.

“ಬೆಂಚಲ್ಲಿ ಕೂತೋರಿಗೆ ನನ್ನ ಸೊಸೆ ಸೂಜಿಗೆ ದಾರ ಪೋಣಿಸೋದೂ ಕಾಣ್ತದಂತೆ. ಮೊದಲು ನಿನ್ನ ಗಂಡನ ಅಂಗಡಿ ಮುಚ್ಚಿಸು, ಆಮೇಲೆ ಸೊಸೇನ ಕರಿ.”

ಬೇರೆ ಮನೆಗಳ ಸೊಸೆಯರೂ ಒಬ್ಬೊಬ್ಬರಾಗಿ ತಪ್ಪಿಸಿಕೊಂಡರು. ಉಳಿದದ್ದು ಕಣ್ಣು ಮಂಜಾದ ಮುದುಕಿಯರು. ಅವರನ್ನು ಕಟ್ಟಿಕೊಂಡು ಕೌದಿ ಮುಗಿಯುವ ಹಾಗಿರಲಿಲ್ಲ.

“ಏನ್ರೀ, ಆ ಬೆಂಚು ಗದ್ದೆ ಕಡೆ ತಿರುಗಿಸೋಕಾಗಲ್ವಾ?” ಎಂದು ಗಂಡನನ್ನು ಕೇಳಿದಳು.

“ಗದ್ದೆ ನೋಡ್ಕೊಂಡು ಯಾರು ಚಹ ಕುಡೀತಾರೆ? ಜನ ಬರೋದೇ ರಸ್ತೆ ನೋಡೋಕೆ.”

“ರಸ್ತೆ ನೆಲದ ಮೇಲಿದೆ. ಇವರ ಕುತ್ತಿಗೆ ಯಾಕೆ ಕೊಕ್ಕರೆ ಥರ ಉದ್ದ ಆಗ್ತದೆ?”

ಅವನು ಚಹ ಸೋಸತೊಡಗಿದ. ಜೋಬೇದಾ ಮನೆಮನೆಯಿಂದ ಹಳೆಯ ಸೀರೆ ತಂದು ಗೋಡೆಯುದ್ದಕ್ಕೂ ಕಟ್ಟಿಸಿದಳು. ಒಳಗೆ ಸೆಕೆ, ಕತ್ತಲೆ. ಆದರೂ ಮೊಲ್ಲಾ ಮನೆಯ ಅತ್ತೆ, ಸೊಸೆಯನ್ನು ಕಳಿಸುತ್ತೇನೆ ಎಂದಳು.

ಅಷ್ಟರಲ್ಲಿ ಕಟ್ಟಡದ ನಕ್ಷೆ ಮಾಡಿದ ನಾಫಿಸಾ ಢಾಕಾದಿಂದ ಬಂದಳು. ಕಟ್ಟಡ ನೋಡಲು ಅತಿಥಿಗಳು ಬರುವವರಿದ್ದರು.

“ಬುಬು, ಇದೆಲ್ಲ ಬಿಚ್ಚಿಸಿ. ಗೋಡೆ ಉಸಿರಾಡ್ಬೇಕು.”

“ಗೋಡೆ ಉಸಿರಾಡಿದ್ರೆ ನಮ್ಮ ಹುಡುಗೀರು ಮನೇಲಿ ಕೂತ್ಕೋತಾರೆ, ತಾಯೀ.”

ಕಾರಣ ಕೇಳಿದ ಮೇಲೆ ನಾಫಿಸಾಳಿಗೂ ಸಿಟ್ಟು ಬಂತು. “ಕಟ್ಟೋಕೆ ಮುಂಚೆ ಮಣ್ಣಿನ ಮಾದರಿ ತಂದು ತೋರಿಸಿದ್ನಲ್ಲ! ಏನು ಬದಲಾಯಿಸ್ಬೇಕು ಅಂತ ಎಷ್ಟು ಸಲ ಕೇಳ್ದೆ? ಎಲ್ಲರೂ ಚೆಂದ ಇದೆ ಅಂದ್ರಿ.”

“ಮನೆಗೆ ಬಂದೋರ ಮುಂದೆ ಮಂಡಕ್ಕಿ ಬೆಲ್ಲ ಇಟ್ಟು, ನೀನು ತಂದಿದ್ದು ಚೆನ್ನಾಗಿಲ್ಲ ಅಂತಾರಾ? ನಿಮ್ಮ ತಾಯಿ ಹಾಗೆ ಕಲಿಸಿದ್ರಾ?”

“ಮತ್ತೆ ನಂಗೆ ಹೇಗೆ ಗೊತ್ತಾಗ್ಬೇಕು?”

ಜೋಬೇದಾ ಗೋಡೆಯ ಹತ್ತಿರ ಹೋದಳು. ಒಂದು ಸೀರೆ ಬಿಚ್ಚಿ, ಒಬ್ಬ ಮುದುಕಿಯನ್ನು ಕಿಂಡಿಯ ಹಿಂದೆ ಕೂರಿಸಿ, ನಾಫಿಸಾಳನ್ನು ಅಂಗಡಿಗೆ ಎಳೆದುಕೊಂಡು ಹೋದಳು. ಬೆಂಚಿನಲ್ಲಿದ್ದ ಗಂಡಸರು ಎದ್ದು ನಿಂತರು. ಅಂಗಳದ ಬೆಳಕು ಹಿಂದಿನಿಂದ ಬೀಳುತ್ತಿತ್ತು. ಕಿಂಡಿಕಿಂಡಿಯಲ್ಲಿ ಮುದುಕಿಯ ಮುಖ, ಮೊಣಕೈ, ಅಡಿಕೆ ಜಗಿಯುವ ದವಡೆ, ಎಲ್ಲ ಕಾಣಿಸಿತು. ಒಳಗೆ ಜನ ಕೂತಿರುವಾಗ ನಾಫಿಸಾ ಈ ಗೋಡೆಯನ್ನು ಹೊರಗಿನಿಂದ ನೋಡಿದ್ದು ಇದೇ ಮೊದಲು.

“ಮೇಸ್ತ್ರಿ ಎಲ್ಲಿ?” ಎಂದಳು.

ನಿಂತ ಹೆಂಗಸಿನ ತಲೆಯ ಮಟ್ಟದವರೆಗೆ ಕಿಂಡಿಗಳನ್ನು ಮುಚ್ಚಿಸಿದರು. ಮೇಲಿನವು ಬೆಳಕಿಗೆ ಉಳಿದವು. ಮೊಲ್ಲಾ ಮನೆಯ ಅತ್ತೆ ತಾನೇ ಬಂದು, ರಸ್ತೆಯಲ್ಲಿ ನಿಂತು ಗೋಡೆಯನ್ನು ಈ ತುದಿಯಿಂದ ಆ ತುದಿಗೆ ನೋಡಿ ಹೋದಳು. ಮರುದಿನ ಶಿರಿನಾ ಬಂದಳು. ಅವಳ ಹಿಂದೆ ಉಳಿದ ಸೊಸೆಯರೂ ಬಂದರು.

ಕೌದಿ ಹಾಸಿ ಕೂತ ಸ್ವಲ್ಪ ಹೊತ್ತಿಗೆ ಶಿರಿನಾ ತಲೆ ಎತ್ತಿದಳು.

“ಬುಬು, ಇಲ್ಲೊಂದು ಇಟ್ಟಿಗೆ ತೆಗೆಸೋಕಾಗಲ್ವಾ? ರಸ್ತೇಲಿ ಯಾರು ಹೋದ್ರು, ಯಾರು ಬಂದ್ರು, ಒಂದೂ ಗೊತ್ತಾಗಲ್ಲ.”

ಉಳಿದವರೂ ಹೌದೆಂದು ತಲೆಯಾಡಿಸಿದರು.

ಜೋಬೇದಾ ಅವಳನ್ನೇ ನೋಡಿದಳು. ಹಲ್ಲಿನ ನಡುವಿದ್ದ ದಾರವನ್ನು ಕಚ್ಚಿ ತುಂಡರಿಸಿ, “ಅಂಚು ಬಿಗಿ ಹಿಡಿ” ಎಂದಳು.