ಬಿಳಿಯರಿಗೆ ಒಪ್ಪಿಸಿದ ಮುಖಂಡ

ಇಹೆಜಿರಿಕಾ ತಾಳೆಮರ ಹತ್ತಿ ಹೆಂಡ ಇಳಿಸುತ್ತಿದ್ದವರು. ಮಾತು ಕಡಿಮೆ. ಊರ ಸಭೆಯಲ್ಲಿ ಅವರ ಜಾಗ ಚಪ್ಪರದ ಅಂಚು. ಮಳೆ ಬಂದರೆ ಮೊದಲು ನೆನೆಯುತ್ತಿದ್ದವರು ಅವರೇ.

ಇಂಗ್ಲಿಷ್ ಅಧಿಕಾರಿ ಸಿಪಾಯಿಗಳೊಂದಿಗೆ ನಮ್ಮ ಊರು ಉಮುವೊಕುಗೆ ಬಂದು, ಸಂತೆಯ ಮರದಡಿ ಕುರ್ಚಿ ಹಾಕಿಸಿ, ಈ ಊರಿನ ದೊರೆಯನ್ನು ಕಳಿಸಿ ಎಂದು ದುಭಾಷಿಯಿಂದ ಹೇಳಿಸಿದಾಗ ಹಿರಿಯರು ಗಲಿಬಿಲಿಗೊಂಡರು. ನಮ್ಮ ಭಾಗದ ಇಗ್ಬೋ ಊರುಗಳಲ್ಲಿ ದೊರೆ ಎನ್ನುವವನು ಯಾವತ್ತೂ ಇರಲಿಲ್ಲ. ಮನೆತನದಲ್ಲಿ ಬದುಕಿರುವವರ ಪೈಕಿ ಎಲ್ಲರಿಗಿಂತ ಹಿರಿಯರ ಕೈಯಲ್ಲಿ ಒಫೊ ಎಂಬ ಮರದ ತುಂಡು ಇರುತ್ತಿತ್ತು. ಅದನ್ನು ನೆಲಕ್ಕೆ ತಟ್ಟಿ ಆಡಿದ ಮಾತು ಸತ್ತವರಿಗೂ ಕೇಳಿಸುತ್ತದೆ. ಸುಳ್ಳಾಡಿದವರು, ತಮ್ಮವರ ಸಾವಿಗೆ ಕಾರಣರಾದವರು ಅದನ್ನು ಮುಟ್ಟುವಂತಿಲ್ಲ. ಅಂಥ ಹಿರಿಯರನ್ನು ಸಿಪಾಯಿಗಳಿಗೆ ಒಪ್ಪಿಸುವುದು ಹೇಗೆ? ಪಕ್ಕದ ಊರಿನಿಂದ ಹಾಗೆ ಸಿಪಾಯಿಗಳೊಂದಿಗೆ ಹೋದವರು ಹಿಂತಿರುಗಿರಲಿಲ್ಲ.

"ಆ ಮರ ಹತ್ತೋನನ್ನ ಕಳಿಸಿ," ಎಂದವರು ಅಮಾದಿ. ಇಹೆಜಿರಿಕಾರ ದಾಯಾದಿ, ವಯಸ್ಸಿನಲ್ಲಿ ತುಸು ಚಿಕ್ಕವರು. "ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ಸತ್ರೂ ಒಂದು ದಿನ ಅತ್ತು ಸುಮ್ನಾಗ್ತೀವಿ."

ಇಹೆಜಿರಿಕಾ ಹೆಂಡದ ಕತ್ತಿಯನ್ನು ಒರೆಸಿ ಸೂರಿಗೆ ಸಿಕ್ಕಿಸಿ ಹೊರಟರು. ಹಿಂತಿರುಗಿ ಬರುವಾಗ ತಲೆಯ ಮೇಲೆ ಕೆಂಪು ಟೋಪಿ ಇತ್ತು. ಸರ್ಕಾರ ಅವರನ್ನೇ ದೊರೆ ಮಾಡಿತ್ತು.

ಸಂತೆಗೆ ಸಂತೆಯೇ ನಕ್ಕಿತು. "ದೊರೆಗಳು ಇನ್ಮೇಲೆ ಮರಾನೂ ಟೋಪಿ ಇಟ್ಕೊಂಡೇ ಹತ್ತಬೇಕೇನೋ," ಎಂದು ಹೆಂಗಸರು ಕಿಚಾಯಿಸಿದರು. ರಸ್ತೆ ಕೆಲಸಕ್ಕೆ ಆಳು ಕಳಿಸಬೇಕೆಂಬ ಆಜ್ಞೆ ಬಂದ ದಿನ ಆ ನಗು ನಿಂತಿತು. ಕಳಿಸದಿದ್ದರೆ ಮನೆಗಳಿಗೆ ಬೆಂಕಿ ಇಡುವುದಾಗಿ ಸಿಪಾಯಿಗಳು ಹೇಳಿದ್ದರು. ಇಹೆಜಿರಿಕಾ ಆಯ್ದು ಕಳಿಸಿದವರಲ್ಲಿ ತಮ್ಮನ ಮಗ ಎಮೆಜುವೊ ಒಬ್ಬ. ಕಲ್ಲು ತೆಗೆಯುವಲ್ಲಿ ದಿಣ್ಣೆ ಕುಸಿದು ಅವನು ಸತ್ತ.

ವ್ಯಾಜ್ಯ ತಂದವರು ಅವರೆದುರು ಬಗ್ಗಿ ನಿಲ್ಲುತ್ತಿದ್ದರು. ಆದರೆ ಮನೆತನದ ಅಂಗಳದಲ್ಲಿ ಕೂಡಿದವರಿಗೆಲ್ಲ ಒಡೆದು ಹಂಚುವ ಕೋಲಾ ಕಾಯಿಯ ತಟ್ಟೆ ಅವರ ಟೋಪಿಯನ್ನು ದಾಟಿಕೊಂಡು ಹಿರಿಯರ ಬಳಿಗೆ ಹೋಗುತ್ತಿತ್ತು. ಒಫೊ ಹಿಡಿದವರೇ ಆ ಕಾಯಿ ಒಡೆಯಬೇಕು. ಇಹೆಜಿರಿಕಾ ಕಾದಿದ್ದುದು ಅದೊಂದಕ್ಕೇ. ಸರದಿ ಬಂದಾಗ ಒಫೊ ತಮ್ಮ ಕೈ ಸೇರಿದರೆ ಮತ್ತೆ ಮನೆತನದವರಲ್ಲಿ ಒಬ್ಬನಾಗುತ್ತೇನೆ ಎಂದುಕೊಂಡಿದ್ದರು.

ಹಲವು ವರ್ಷಗಳ ಮೇಲೆ ಸರದಿ ಬಂತು. ಒಫೊ ಹಿಡಿದಿದ್ದ ಹಿರಿಯರು ತೀರಿಕೊಂಡರು. ಮುಂದಿನವರು ಇಹೆಜಿರಿಕಾ, ಆಮೇಲೆ ಅಮಾದಿ. ಟೋಪಿಯನ್ನು ಮನೆಯಲ್ಲೇ ಬಿಟ್ಟು ಬರಿತಲೆಯಲ್ಲಿ ಇಹೆಜಿರಿಕಾ ಅಂಗಳಕ್ಕೆ ಬಂದರು. ಆಡಿನ ಚರ್ಮದ ಮೇಲೆ ಒಫೊ ಇತ್ತು. ಯಾರೂ ಬೇಡವೆನ್ನಲಿಲ್ಲ. ಸರ್ಕಾರದ ಮನುಷ್ಯನಿಗೆ ಬೇಡವೆನ್ನುವ ಧೈರ್ಯ ಯಾರಿಗೂ ಇರಲಿಲ್ಲ ಎನ್ನುವುದೇ ಸರಿ.

ಎಮೆಜುವೊನ ತಾಯಿ ಅಡಾಕು ಗೋಡೆಗೆ ಒರಗಿ ಕೂತಿದ್ದರು.

"ತಗೋ ಭಾವ," ಎಂದರು. "ಸರ್ಕಾರ ನಿಂದು, ಇದೂ ನಿಂದೇ ಆಗ್ಲಿ. ನನ್ ಮಗನ ಹೆಸ್ರು ಮಾತ್ರ ಸತ್ತೋರಿಗೆ ಕೇಳೋ ಹಂಗೆ ಹೇಳಿ ತಗೋ."

ಇಹೆಜಿರಿಕಾ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ಎಮೆಜುವೊ," ಎಂದರು. "ನಾನೇ ಕಳಿಸಿದ್ದು ಅವ್ನನ್ನ. ಇದು ನನ್ ಕೈಗೆ ಬರೋದಲ್ಲ. ಅಮಾದಿ, ನೀನ್ ಹಿಡ್ಕೊ."

ಅಮಾದಿ ಏಳಲಿಲ್ಲ. "ನಿನ್ನ ಕಳಿಸಿದ್ದು ಯಾರಣ್ಣ? ಸತ್ರೆ ಸಾಯ್ಲಿ ಅಂತ್ಲೇ ಕಳಿಸ್ದೆ ನಾನು. ನನ್ ಕೈಗೂ ಬರೋದಲ್ಲ ಇದು."

ಒಫೊ ವಯಸ್ಸಿನಲ್ಲಿ ಅವರ ನಂತರದ ಒಸುಜಿಗೆ ಹೋಯಿತು. ಬಿಳಿಯರು ಬಂದ ಕಾಲಕ್ಕೆ ಒಸುಜಿ ದೂರದಲ್ಲಿ ತಾಯಿಯ ತವರಿನಲ್ಲಿದ್ದವರು. ಕೋಲಾ ಒಡೆದು ಒಂದು ಚೂರನ್ನು ಇಹೆಜಿರಿಕಾ ಕಡೆಗೆ ಚಾಚಿ, "ಅಗಿಯೋಕೆ ಹಲ್ಲಿದ್ಯೇನಣ್ಣ?" ಎಂದರು.

"ಹೆಸರಿಗೆ ಎರಡಿವೆ, ಕೊಡಪ್ಪ."

ಆ ವರ್ಷವೇ ಹೊಸ ಅಧಿಕಾರಿ ಬಂದ. ಹಿಂದಿನವರಿಗಿಂತ ಜಾಣ. ಟೋಪಿಯವರನ್ನು ಬಿಟ್ಟು, ಊರು ನಿಜವಾಗಿ ಯಾರ ಮಾತು ಕೇಳುತ್ತದೋ ಅವರನ್ನೇ ಆಳು ಕಳಿಸುವ ಹೊಣೆಗೆ ಹಿಡಿಯಬೇಕೆಂದು ಅವನ ಯೋಚನೆ. ಇಲ್ಲಿ ಒಫೊ ಯಾರ ಕೈಯಲ್ಲಿದೆ ಎಂದು ದುಭಾಷಿಯಿಂದ ಇಹೆಜಿರಿಕಾರನ್ನು ಕೇಳಿಸಿದ.

"ಯಾವ ಒಫೊ?" ಎಂದರು ಅವರು. "ಇಲ್ಲಿ ದೊರೆ ನಾನೇ. ಟೋಪಿ ಕಾಣ್ಸಲ್ವಾ?"

ಒಫೊ ಹಿಡಿದಿದ್ದರೆ ಆ ಸುಳ್ಳು ಹೇಳಲು ಆಗುತ್ತಿರಲಿಲ್ಲ. ಆಮೇಲೆ ಬಂದ ಅಧಿಕಾರಿಗಳಿಗೂ, ಸಾಯುವವರೆಗೆ, ಅದನ್ನೇ ಹೇಳಿದರು.