ಕಪ್ಪು ಗೆರೆಯ ಲಗ್ನಪತ್ರಿಕೆ

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ನಾನು ಕೆಲಸಕ್ಕಿದ್ದ ಡಿಟಿಪಿ ಅಂಗಡಿಗೆ ಲಗ್ನಪತ್ರಿಕೆ ಮಾಡಿಸಲು ಬಂದವರು ಬರೆದುಕೊಟ್ಟು ಹೋಗುತ್ತಿರಲಿಲ್ಲ. ಮನೆಮಂದಿಯೆಲ್ಲ ನನ್ನ ಬೆನ್ನ ಹಿಂದಿನ ಬೆಂಚಿನಲ್ಲಿ ಕೂತು, ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ಕಿತ್ತಾಡಿಕೊಂಡೇ ಹೇಳಿ ಬರೆಸುತ್ತಿದ್ದರು. ಮೊದಲ ಪ್ರಿಂಟ್ ಬಂದ ಕೂಡಲೇ ಹಿರಿಯರೊಬ್ಬರು ಅದರ ನಾಲ್ಕು ಮೂಲೆಗೂ ಅರಿಶಿನ ಹಚ್ಚಬೇಕು. ಆ ಹಾಳೆ ದೇವರ ಮುಂದಕ್ಕೆ. ಅವರ ಜಗಳ ಮುಗಿಯುವಷ್ಟರಲ್ಲಿ ನನ್ನ ಕೆಲಸ ಮುಗಿದಿರುತ್ತಿತ್ತು. ಕಣ್ಣು ಮುಚ್ಚಿಕೊಂಡು ಮಾಡಬಲ್ಲೆ ಎನ್ನುವ ಜಂಬ ನನಗಿತ್ತು, ಸುಳ್ಳೇಕೆ ಹೇಳಲಿ.

ಎರಡು ಸಾವಿರದ ಇಸವಿ ಕಳೆದ ಮೇಲೆ ಮಾಲೀಕರು ಹಾಸನದಿಂದ ಯಾರನ್ನೋ ಕರೆಸಿ, ಕಾರ್ಡು ಮಾಡುವ ಸಾಫ್ಟ್‌ವೇರಿನ ಹೊಸ ವರ್ಷನ್ ಹಾಕಿಸಿದರು. ಮಾರನೆಯ ಬೆಳಿಗ್ಗೆ ತೆರೆದರೆ ಎಡಗಡೆ ಇದ್ದದ್ದೆಲ್ಲ ಬಲಗಡೆ. ಹೇಳದೆ ಕೇಳದೆ ಯಾರೋ ನನ್ನ ಅಡುಗೆಮನೆಯ ಡಬ್ಬಿಗಳನ್ನು ಅದಲುಬದಲು ಮಾಡಿಟ್ಟಂತಿತ್ತು. ಬೆರಳು ರೂಢಿಯಲ್ಲಿ ಒತ್ತಿದ ಕೀ ಇನ್ನೇನೋ ಮಾಡುತ್ತಿತ್ತು. ಇದನ್ನು ಬದಲಾಯಿಸಿದ ಪುಣ್ಯಾತ್ಮ ಒಂದು ದಿನವಾದರೂ ಗಿರಾಕಿಯನ್ನು ಹಿಂದೆ ಕೂರಿಸಿಕೊಂಡು ಕೆಲಸ ಮಾಡಿದ್ದಾನೆಯೇ ಎಂದು ಬೈದುಕೊಂಡೆ.

ಬರಬೇಕೇ ಅವತ್ತೇ, ಅರಕಲಗೂಡು ಕಡೆಯ ವ್ಯಾಪಾರಸ್ಥರೊಬ್ಬರು, ಜೊತೆಗೆ ಅವರ ವಯಸ್ಸಾದ ತಾಯಿ. ಎರಡನೇ ಮಗಳ ಮದುವೆ. ಮೊದಲನೆಯವಳ ಕಾರ್ಡನ್ನೂ ನಾನೇ ಮಾಡಿದ್ದೆ, ಆಗಲೂ ಅಜ್ಜಿ ಬೆಂಚಿನಿಂದ ನೋಡಿದ್ದು ನನ್ನ ಬೆನ್ನನ್ನೇ.

ಅವರು ಹೆಸರು ಹೇಳುತ್ತಲೇ ಇದ್ದರು, ನಾನು ತಡಕಾಡುತ್ತಲೇ ಇದ್ದೆ. ಮಧ್ಯಾಹ್ನದ ಹೊತ್ತಿಗೆ ಹೇಗೋ ಮುಗಿಸಿ, ಸರಿಯಾಗಿ ನೋಡದೆ ಪ್ರಿಂಟ್ ಕೊಟ್ಟೆ. ಅಜ್ಜಿ ಅರಿಶಿನ ಕಲಸಿ ಬೆರಳಿಗೆ ಹಚ್ಚಿಕೊಂಡೇ ಎದ್ದು ಬಂದರು. ಹಾಳೆ ನೋಡಿದ್ದೇ ಬೆರಳು ಹಾಗೇ ನಿಂತಿತು.

"ಅಯ್ಯೋ ಶಿವನೇ, ಇದೇನವ್ವಾ, ತಿಥಿ ಕಾರ್ಡಂಗೈತಲ್ಲ!"

ಹಾಳೆಯ ಸುತ್ತ ಕಪ್ಪು ಗೆರೆ. ನಮ್ಮ ಕಡೆ ಸಾವಿನ ಕಾರ್ಡಿಗೆ ಮಾತ್ರ ಹಾಕುವ ಗೆರೆ. ಹಳೆಯದರಲ್ಲಿ ನಾವು ಕೇಳಿದರೆ ಮಾತ್ರ ಗೆರೆ ಬರುತ್ತಿತ್ತು. ಹೊಸದು ತಾನಾಗಿಯೇ ಎಳೆದಿತ್ತು.

ತೆಗೆಯಲು ಹೋದರೆ ಗೆರೆ ಇನ್ನಷ್ಟು ದಪ್ಪವಾಯಿತು. ಇನ್ನೊಂದು ಒತ್ತಿದರೆ ಅಕ್ಷರಗಳೇ ಮಾಯ. "ಕಂಪ್ಯೂಟರ್ ಬದಲಾಗಿದೆ ಅಜ್ಜಿ" ಎಂದೆ. ನನಗೇ ಅದು ಕುಂಟುನೆಪದ ಹಾಗೆ ಕೇಳಿಸಿತು. "ನಿಧಾನಕ್ಕೆ ನೋಡಿ ಮೇಡಂ" ಎಂದರು ಮಗ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಆ ಸಮಾಧಾನದ ಮಾತಿಗೆ ಕಿವಿಯವರೆಗೂ ಬಿಸಿಯೇರಿತು.

ಕೊನೆಗೂ ಗೆರೆ ಹೋಯಿತು. ಎರಡನೇ ಹಾಳೆ ಚೆನ್ನಾಗಿಯೇ ಬಂತು, ಅಜ್ಜಿ ಅದಕ್ಕೇ ಅರಿಶಿನ ಹಚ್ಚಿದರು. ಮೊದಲನೆಯದನ್ನು ಹರಿಯುವಂತೆಯೂ ಇಲ್ಲ, ಗಂಡು ಹೆಣ್ಣಿನ ಹೆಸರಿರುವ ಹಾಳೆ. ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು, ಹೊಳೆಗೆ ಬಿಡಲಿಕ್ಕೆ. ಆಮೇಲೆ ನನ್ನ ಬೆನ್ನಿಗೇ ಕೇಳಿದರು:

"ಅಲ್ಲ ಕಣವ್ವಾ, ನಮ್ಮ ದೊಡ್ಡ ಮೊಮ್ಮಗಳ ಮದುವೇಲಿ ಇಲ್ಲೊಬ್ಬಳು ಇದ್ದಳಲ್ಲ, ಪಟಪಟಾಂತ ಮಾಡ್ಕೊಟ್ಬುಟ್ಲು. ಅವಳು ಎಲ್ಲಿಗೋದ್ಲು?"

"ಅವ್ವಾ, ಅದು..." ಎಂದು ಮಗ ಬಾಯಿ ತೆರೆದರು. ಅವರು ಮುಗಿಸುವ ಮೊದಲೇ ನಾನು, ತಿರುಗಿ ನೋಡದೆ, "ಕೆಲಸ ಬಿಟ್ಟೋದ್ರು ಅಜ್ಜಿ" ಎಂದುಬಿಟ್ಟೆ.



"ಅವಳಿದ್ದಿದ್ರೆ ಇಂಗಾಯ್ತಿರ್ನಿಲ್ಲ ಬುಡು" ಎಂದರು ಅಜ್ಜಿ.

"ಹೂಂ ಅಜ್ಜಿ" ಎಂದೆ.