ಓನರಿಗೆ ಕೃಷಿ ಖಾತೆ ಕೊಟ್ಟ ದಿನ

ನಲವತ್ತೊಂದನೇ ವಯಸ್ಸಿಗೆ ಬಿ.ಎ. ಸೇರಿದವನು ನಾನು. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ, ಭಾನುವಾರ ಯಲಹಂಕದಲ್ಲಿ ಕ್ಲಾಸು. ಕೊನೆಯ ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ಈ ಸಲ ಪಾಸಾದರಷ್ಟೇ ಸೂಪರ್‌ವೈಸರ್ ಹುದ್ದೆಗೆ ಅರ್ಜಿ ಹಾಕಬಹುದಿತ್ತು. ವಯಸ್ಸಿನ ಮಿತಿ ಮುಗಿಯುತ್ತಿತ್ತು.

ಬ್ರಿಟಿಷ್ ಮಂತ್ರಿ ಸಂಪುಟದ ಪಾಠ ತಲೆಗೆ ಹತ್ತಲೆಂದು ಮೇಷ್ಟ್ರು ನಮ್ಮಿಂದಲೇ ಒಂದು ಸರ್ಕಾರ ಕಟ್ಟಿಸಿದ್ದರು. ನಾನು ಪ್ರಧಾನಿ. ಪುಟ್ಟೇನಹಳ್ಳಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನನೂ ಅದೇ ಕ್ಲಾಸಿನಲ್ಲಿದ್ದ. ಅವನಿಗೆ ಗೃಹ ಖಾತೆ. ಉಳಿದ ಮಂತ್ರಿಗಳೂ ಅವನ ಬಾಡಿಗೆದಾರರೇ. ಎಲ್ಲರೂ ಅವನನ್ನು ಓನರ್ ಎನ್ನುತ್ತಿದ್ದೆವು.

ಆ ಭಾನುವಾರ ಸಂಪುಟ ಪುನಾರಚನೆ. ಬ್ರಿಟನ್ನಿನಲ್ಲಿ ಖಾತೆ ಬದಲಾಗುವ ಮಂತ್ರಿಯೊಬ್ಬನನ್ನೇ ಪ್ರಧಾನಿ ಕರೆದು ಹೇಳುತ್ತಾರೆ ಎಂದು ಮೇಷ್ಟ್ರು ತಿಳಿಸಿ, ಟೀ ಕುಡಿಯಲು ಕೆಳಗೆ ಹೋದರು. ನಾನು ಎಲ್ಲರೆದುರೇ ಬೋರ್ಡಿನಲ್ಲಿ ಗೃಹ ಖಾತೆಯ ಮುಂದಿದ್ದ ಓನರ್ ಹೆಸರನ್ನು ಒರೆಸಿ, ಕೃಷಿಯ ಮುಂದೆ ಬರೆದೆ. ಒಕ್ಕಲು ಮನೆತನದವನು, ಖುಷಿಪಡುತ್ತಾನೆ ಅಂದುಕೊಂಡಿದ್ದೆ.

"ಜಮೀನೆಲ್ಲಾ ಸೈಟ್ ಮಾಡಿ ಮಾರ್ದೋರಿಗೆ ಕೃಷಿ. ಕರೆಕ್ಟಾಗೈತೆ ಗುರು," ಅಂದ ಹಿಂದಿನ ಬೆಂಚಿನವನೊಬ್ಬ. ಕ್ಲಾಸೆಲ್ಲ ನಕ್ಕಿತು.

ಓನರ್ ಎದ್ದು ನನ್ನ ಹತ್ತಿರ ಬಂದ. "ಜಮೀನ್ ಮಾರ್ದೆ ಅಂತ ನಮ್ಮಪ್ಪ ಸಾಯೋಗಂಟ ಇಂಗೇ ಅಂಗಿಸ್ತಿದ್ದ. ಈಗ ನೀನೇನ್ಲಾ?"

"ಪಾಠದ ಆಟರೀ ಓನರ್ರ, ಮನಸ್ಸಿಗೆ ಹಚ್ಕೋಬ್ಯಾಡ್ರಿ."

ಮೊದಲ ಏಟಿಗೆ ತುಟಿ ಒಡೆಯಿತು. ಎರಡನೆಯದಕ್ಕೆ ತಲೆ ಬೋರ್ಡಿಗೆ ಬಡಿಯಿತು. ಬಿದ್ದವನ ಹೊಟ್ಟೆಗೆ ಒದ್ದ. ತೆವಳಿಕೊಂಡು ಹೋಗಿ ಬಾಗಿಲ ಚೌಕಟ್ಟು ಹಿಡಿದು ಏಳುತ್ತಿದ್ದೆ. ಅವನು ಕಬ್ಬಿಣದ ಬಾಗಿಲನ್ನು ಜೋರಾಗಿ ಎಳೆದ. ನನ್ನ ಬಲಗೈ ನಡುವೆ ಇತ್ತು. ಮೂಳೆ ಮುರಿದ ಸದ್ದು ಕೇಳಿಸಿತು. ಎರಡನೇ ಸಲವೂ ಎಳೆದ.

"ಬಿಡಿಸ್ರೋ," ಎಂದು ಕೂಗಿದೆ.

ಅರ್ಥಮಂತ್ರಿ ನನ್ನ ಪಕ್ಕದ ರೂಮಿನವನು, ದಿನಾ ಒಟ್ಟಿಗೆ ಊಟ ಮಾಡುತ್ತಿದ್ದವನು. "ನಾನ್ ರಾಜೀನಾಮೆ ಕೊಟ್ಟಿದೀನಿ ಓನರ್ರೇ, ನನಗೂ ಇವ್ರಿಗೂ ಸಂಬಂಧ ಇಲ್ಲ," ಎಂದು ಚೀಲ ಹೆಗಲಿಗೆ ಹಾಕಿಕೊಂಡ. ಹಿಂದೆಯೇ ವಿದೇಶಾಂಗ, ಆಮೇಲೆ ರಕ್ಷಣೆ, ಆರೋಗ್ಯ. ಹೊಸ್ತಿಲಲ್ಲಿ ಬಿದ್ದಿದ್ದ ನನ್ನನ್ನು ದಾಟಿಕೊಂಡು ಒಬ್ಬೊಬ್ಬರೇ ಹೋದರು. ಮೇಷ್ಟ್ರು ಮೇಲೆ ಬರುವಷ್ಟರಲ್ಲಿ ಸರ್ಕಾರದಲ್ಲಿ ನಾನೊಬ್ಬನೇ ಉಳಿದಿದ್ದೆ.

ಪರೀಕ್ಷೆಗೆ ಪ್ಲಾಸ್ಟರ್ ಹಾಕಿದ ಕೈಯಲ್ಲಿ ಹೋದೆ. ನನ್ನ ಪರವಾಗಿ ಬರೆಯುವವರನ್ನು ಕೇಳಿಕೊಳ್ಳುವ ಅವಧಿ ಮುಗಿದಿತ್ತು. ಮೊದಲ ಪ್ರಶ್ನೆಯೇ ಸಂಪುಟ ಹೇಗೆ ಕೊನೆಯಾಗುತ್ತದೆ ಎಂಬುದು. ಉತ್ತರ ಪೂರ್ತಿ ಗೊತ್ತಿತ್ತು. ಎಡಗೈಯಲ್ಲಿ ಒಂದೊಂದೇ ಅಕ್ಷರ ಮೂಡಿಸುತ್ತಾ ಕೂತೆ. ಮುಂದಿನ ಬೆಂಚಿನಿಂದ ಓನರ್ ಹೆಚ್ಚುವರಿ ಹಾಳೆ ಕೇಳಿದ. ನಾನಿನ್ನೂ ಮೊದಲ ಪುಟದಲ್ಲಿದ್ದೆ.